ಲೂಕನ ವೈದ್ಯಪದವಿ ಮತ್ತು ಕ್ಯಾಡ್‌ಬರಿ

ಪ್ರಶ್ನೆ: ಅಮೆರಿಕದ ಕ್ವೇಕರ್ (ಯುದ್ಧವನ್ನು ವಿರೋಧಿಸುವ ಕ್ರೈಸ್ತ ಪಂಥ) ವಿದ್ವಾಂಸ ಹೆನ್ರಿ ಕ್ಯಾಡ್‌ಬರಿಯವರು ‘ಲೂಕನ ಡಾಕ್ಟರ್ ಪದವಿ ಕಸಿದುಕೊಂಡು ತಾವು ಡಾಕ್ಟರೇಟ್ ಪಡೆದರು’ ಎಂದು ಓದಿದ್ದೇನೆ. ಹಾಗೆಂದರೇನು? ಅವರು ಕಳೆದುಹೋದ ಪುಸ್ತಕವೊಂದನ್ನು ಮರಳಿ ಕಟ್ಟಿದ್ದು ನಿಜವೇ? ಅವರ ಕಾಗದಪತ್ರಗಳು ಎಲ್ಲಿವೆ?

ಉತ್ತರ: ಅದು ವಿದ್ವಾಂಸರ ವಲಯದ ಹಳೆಯ ತಮಾಷೆ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ಸುವಾರ್ತೆಗಳಲ್ಲಿ ಒಂದನ್ನು ಬರೆದ ಲೂಕನು ವೈದ್ಯನೆಂಬುದು ಪರಂಪರೆಯ ನಂಬಿಕೆ. ಅವನ ಗ್ರೀಕ್ ಬರವಣಿಗೆಯಲ್ಲಿ ವೈದ್ಯಕೀಯ ಪದಗಳು ಹೇರಳವಾಗಿವೆ ಎಂಬುದನ್ನೇ 19ನೇ ಶತಮಾನದ ಕೆಲವರು ಅದಕ್ಕೆ ಪುರಾವೆಯಾಗಿ ಮುಂದಿಟ್ಟಿದ್ದರು. 1883ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಕ್ಯಾಡ್‌ಬರಿಯವರು ಹಾರ್ವರ್ಡ್‌ಗೆ ಸಲ್ಲಿಸಿದ ಪ್ರಬಂಧದಲ್ಲಿ, ಅಂಥ ಪದಗಳು ವೈದ್ಯಕ್ಕೆ ಸಂಬಂಧವೇ ಇಲ್ಲದ ಲೇಖಕರಲ್ಲಿಯೂ ಧಾರಾಳವಾಗಿ ಸಿಗುತ್ತವೆಂದು ತೋರಿಸಿದರು. ಲೂಕ ವೈದ್ಯನಲ್ಲವೆಂದು ಅವರು ಸಾಧಿಸಲಿಲ್ಲ, ಪದಗಳ ಬಲದಿಂದ ಅವನನ್ನು ವೈದ್ಯನೆನ್ನಲಾಗದು ಎಂದರಷ್ಟೇ. ತಮಾಷೆಯ ಭರದಲ್ಲಿ ಈ ವ್ಯತ್ಯಾಸ ಮರೆತುಹೋಗುತ್ತದೆ.

ಎರಡನೆಯದೂ ನಿಜವೇ, ಮತ್ತು ನನ್ನ ಮಟ್ಟಿಗೆ ಅವರ ಕೆಲಸಗಳಲ್ಲೆಲ್ಲ ಸೊಗಸಾದದ್ದು. ಕ್ವೇಕರ್ ಪಂಥದ ಮೂಲಪುರುಷ ಜಾರ್ಜ್ ಫಾಕ್ಸ್ ತಾನು ಕಂಡ ರೋಗಶಮನಗಳನ್ನು ದಾಖಲಿಸಿದ್ದ ‘ಪವಾಡಗಳ ಪುಸ್ತಕ’ದ ಹಸ್ತಪ್ರತಿ ಎಂದೋ ಕಳೆದುಹೋಗಿತ್ತು. ಉಳಿದದ್ದು ಫಾಕ್ಸನ ಕಾಗದಪತ್ರಗಳ ಹಳೆಯ ಸೂಚಿಯೊಂದು ಮಾತ್ರ. ಅದರಲ್ಲಿ ಪ್ರತಿ ಪ್ರಸಂಗದ ಮೊದಲ ಮತ್ತು ಕೊನೆಯ ಕೆಲವು ಪದಗಳಷ್ಟೇ ಇದ್ದವು. ಆ ತುದಿಪದಗಳನ್ನು ಹಿಡಿದುಕೊಂಡು ಕ್ಯಾಡ್‌ಬರಿಯವರು ಫಾಕ್ಸನ ದಿನಚರಿಯಲ್ಲಿ, ಸಮಕಾಲೀನರ ಪತ್ರಗಳಲ್ಲಿ ಹೊಂದುವ ಘಟನೆಗಳನ್ನು ಹುಡುಕಿ ಜೋಡಿಸುತ್ತ ಹೋಗಿ, 1948ರಲ್ಲಿ ಪುಸ್ತಕವನ್ನು ಹೊರತಂದರು. ಹೊಂದಿಕೆ ಸಿಗದ ಕಡೆ ತುಣುಕನ್ನು ತುಣುಕಾಗಿಯೇ ಬಿಟ್ಟರು. ಲೂಕನ ವಿಷಯದಲ್ಲಿ ತೋರಿದ ಸಂಯಮವೇ ಇಲ್ಲಿಯೂ ಕಾಣುತ್ತದೆ.

ಅವರದು ಗ್ರಂಥಾಲಯಕ್ಕೆ ಸೀಮಿತವಾದ ಬದುಕೇನಲ್ಲ. 1918ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಜರ್ಮನಿಯ ಮೇಲಿನ ದ್ವೇಷವನ್ನು ಖಂಡಿಸಿ ಫಿಲಡೆಲ್ಫಿಯಾದ ಪತ್ರಿಕೆಯೊಂದಕ್ಕೆ ಬರೆದ ಕಾಗದ ಭಾರಿ ಗದ್ದಲಕ್ಕೆ ಕಾರಣವಾಯಿತು. ಅವರು ಪಾಠ ಹೇಳುತ್ತಿದ್ದ ಹ್ಯಾವರ್‌ಫರ್ಡ್ ಕಾಲೇಜನ್ನು, ಅದು ಕ್ವೇಕರರೇ ಕಟ್ಟಿದ ಕಾಲೇಜು, ಬಿಡಬೇಕಾಯಿತು. ಮುಂದೆ 1934ರಿಂದ 1954ರವರೆಗೆ ಹಾರ್ವರ್ಡ್‌ನಲ್ಲಿ ದೈವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1947ರಲ್ಲಿ ಅಮೆರಿಕದ ಕ್ವೇಕರ್ ಸೇವಾಸಂಸ್ಥೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಓಸ್ಲೋದಲ್ಲಿ ಅದನ್ನು ಸ್ವೀಕರಿಸಿದವರು ಇವರೇ; ಸಮಾರಂಭಕ್ಕೆ ಬೇಕಾದ ಉದ್ದ ಕೋಟು ಸ್ವಂತದ್ದಿಲ್ಲದೆ, ಪರಿಹಾರಕ್ಕೆಂದು ಸಂಗ್ರಹಿಸಿದ್ದ ಬಟ್ಟೆಗಳಿಂದಲೇ ಒಂದನ್ನು ಎರವಲು ಪಡೆದರಂತೆ.

1974ರಲ್ಲಿ ತೀರಿಕೊಂಡ ಅವರ ಕಾಗದಪತ್ರಗಳ ಒಂದು ಸಂಗ್ರಹ ಅದೇ ಹ್ಯಾವರ್‌ಫರ್ಡ್ ಕಾಲೇಜಿನ ಕ್ವೇಕರ್ ವಿಭಾಗದಲ್ಲಿದೆ. ಅವರ ವಿದ್ವತ್ತಿನ ಪರಿಚಯವಷ್ಟೇ ಬೇಕಿದ್ದರೆ ಅಲ್ಲಿಯವರೆಗೆ ಹೋಗಬೇಕಿಲ್ಲ, ಪವಾಡಗಳ ಪುಸ್ತಕಕ್ಕೆ ಅವರು ಬರೆದ ಪೀಠಿಕೆ ಸಾಕು.