ಸಂಘದ ದುಡ್ಡು ಸಂಶೋಧನೆಗೆ ಯಾಕೆ?

ಡೊಂಬಿವಿಲಿಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಸಂಘದ ಬೆಳ್ಳಿಹಬ್ಬದ ನಿಧಿಯಲ್ಲಿ ಒಂದಿಷ್ಟು ಹಣ ಉಳಿದಿದೆ. ಮುಂಬಯಿ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಕೊಡೋಣ ಎಂದು ಎಲ್ಲರೂ ಒಪ್ಪಿದರು. ಆದರೆ ರೋಗಿಗಳ ಔಷಧಿಗೋ ಸಂಶೋಧನೆಗೋ ಎಂಬಲ್ಲಿ ಜಗಳ. ಸಂಶೋಧನೆಗೆ ಕೊಟ್ಟರೆ ಔಷಧ ಕಂಪನಿಗಳ ಜೇಬಿಗೆ ಹೋಗುತ್ತದೆ ಎನ್ನುತ್ತಾರೆ ಕೆಲವರು. ನೀವೇನು ಹೇಳ್ತೀರಿ?"

ನಿಮ್ಮ ಕಮಿಟಿಯವರ ಸಂಕಟ ನನಗೆ ಅರ್ಥವಾಗುತ್ತದೆ. ಬೆಳಿಗ್ಗೆ ಆಸ್ಪತ್ರೆಯ ಪಕ್ಕದ ಜೆರ್ಬಾಯಿ ವಾಡಿಯಾ ರಸ್ತೆಯಲ್ಲಿ ನಡೆದರೆ ಕಲಬುರಗಿ, ವಿಜಯಪುರದ ಮಾತು ಕಿವಿಗೆ ಬೀಳುತ್ತದೆ. ಕೈಯಲ್ಲಿ ಫೈಲು ತುಂಬಿದ ಪ್ಲಾಸ್ಟಿಕ್ ಚೀಲ, ಔಷಧಿ ಅಂಗಡಿಯಲ್ಲಿ ಚೀಟಿ ಚಾಚಿ "ಎಷ್ಟಾಗ್ತದ್ರಿ?" ಎಂಬ ಪ್ರಶ್ನೆ. ಇವರನ್ನು ಬಿಟ್ಟು ಲ್ಯಾಬಿಗೆ ಕೊಡಿ ಎನ್ನಲು ನನಗೂ ನಾಲಿಗೆ ಏಳುವುದಿಲ್ಲ.

ಆದರೆ ಕಂಪನಿ ಜೇಬಿನ ಮಾತಿದೆಯಲ್ಲ, ಅದು ತಲೆಕೆಳಗು. ಲಾಭ ಬರುವ ಔಷಧಿಗೆ ಕಂಪನಿಯೇ ದುಡ್ಡು ಹಾಕುತ್ತದೆ. ಲಾಭ ಇಲ್ಲದ್ದಕ್ಕೆ ಯಾರು ಹಾಕಬೇಕು?

ಲಿಡೊಕೇಯ್ನ್ ಗೊತ್ತಲ್ಲ, ಹಲ್ಲು ಕೀಳುವ ಮುಂಚೆ ಜೋಮು ಹಿಡಿಸಲು ಕೊಡುವ ಇಂಜೆಕ್ಷನ್. ಸ್ತನ ಕ್ಯಾನ್ಸರಿನ ಆಪರೇಷನ್‌ಗೆ ಕೆಲವೇ ನಿಮಿಷ ಮೊದಲು ಅದನ್ನು ಗಡ್ಡೆಯ ಸುತ್ತ ಚುಚ್ಚಿದರೆ ಹೇಗೆ? ಟಾಟಾದ ಡಾ. ರಾಜೇಂದ್ರ ಬಡ್ವೆ ಅವರ ತಂಡ ಇದನ್ನು ನೋಡಿತು. ದೇಶದ 11 ಆಸ್ಪತ್ರೆಗಳು ಕೈಜೋಡಿಸಿದವು, ಸುಮಾರು 1,600 ಮಹಿಳೆಯರು ಸೇರಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಐದು ವರ್ಷದ ಲೆಕ್ಕದಲ್ಲಿ ಇಂಜೆಕ್ಷನ್ ಪಡೆದವರಲ್ಲಿ ಬದುಕಿದ್ದವರು ಶೇ. 90.1, ಪಡೆಯದವರಲ್ಲಿ ಶೇ. 86.4. ಇಷ್ಟು ಅಗ್ಗದ ಹಳೇ ಔಷಧಿಯ ಹಿಂದೆ ಯಾವ ಕಂಪನಿ ವರ್ಷಗಟ್ಟಲೆ ಬೀಳುತ್ತದೆ ಹೇಳಿ?

ಇಂಥ ಅಧ್ಯಯನದಲ್ಲಿ ದುಡ್ಡು ಹೆಚ್ಚಾಗಿ ಹೋಗುವುದು ಸಿಬ್ಬಂದಿಯ ಸಂಬಳಕ್ಕೆ. ವರ್ಷ ವರ್ಷ ಫೋನ್ ಮಾಡಿ "ಅಮ್ಮಾ, ಹೇಗಿದ್ದೀರಿ? ಚೆಕಪ್‌ಗೆ ಯಾವಾಗ ಬರ್ತೀರಿ?" ಎಂದು ವಿಚಾರಿಸಲು ಯಾರಾದರೂ ಬೇಕಲ್ಲ. ಒಬ್ಬರ ನಂಬರ್ ಬದಲಾಗಿರುತ್ತದೆ, ಇನ್ನೊಬ್ಬರು ಚಾಳಿನ ಖೋಲಿ ಬಿಟ್ಟು ಊರಿಗೆ ಹೋಗಿರುತ್ತಾರೆ. ಅವರನ್ನೆಲ್ಲ ಹುಡುಕಿ ಹಿಡಿಯದಿದ್ದರೆ ಐದು ವರ್ಷದ ಲೆಕ್ಕ ನಿಲ್ಲುವುದೇ ಇಲ್ಲ. ಈ ಕೆಲಸಕ್ಕೆ ಅಮೃತಶಿಲೆಯ ಫಲಕ ಹಾಕಿಸಲು ಗೋಡೆ ಇಲ್ಲ ನೋಡಿ, ಹಾಗಾಗಿ ದಾನಿಗಳ ಕಣ್ಣಿಗೂ ಬೀಳುವುದಿಲ್ಲ.

ಮುಂಬಯಿಯ ಝೋಪಡಪಟ್ಟಿಗಳಲ್ಲಿ 1998ರಲ್ಲಿ ಶುರುವಾದ ಇನ್ನೊಂದು ಅಧ್ಯಯನವೂ ಹೀಗೆಯೇ. ವಿನೆಗರ್‌ನಂಥ ಸರಳ ದ್ರವ ಹಚ್ಚಿ ಗರ್ಭಕೊರಳಿನ ಕ್ಯಾನ್ಸರ್ ಪತ್ತೆ ಮಾಡುವುದು. ಅದರಿಂದ ಆ ಕ್ಯಾನ್ಸರಿನ ಸಾವು ಶೇ. 31ರಷ್ಟು ತಗ್ಗಿತು. ದುಡ್ಡು ಕೊಟ್ಟದ್ದು ಅಮೆರಿಕದ ಸರ್ಕಾರಿ ಕ್ಯಾನ್ಸರ್ ಸಂಸ್ಥೆ. (ನಮ್ಮೂರಿನ ಹೆಂಗಸರ ವಿಷಯಕ್ಕೆ ಅಷ್ಟು ದೂರ ಕೈಚಾಚಬೇಕಾಯಿತು.)

ಕಂಪನಿ ಬರುವುದೇ ಇಲ್ಲ ಅಂತಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಸೇರಿ ಬೆಳೆಸಿದ ಕಾರ್-ಟಿ ಚಿಕಿತ್ಸೆಯನ್ನು (ರೋಗಿಯದೇ ರೋಗನಿರೋಧಕ ಕಣಗಳನ್ನು ಲ್ಯಾಬಿನಲ್ಲಿ ಬದಲಿಸಿ ಕ್ಯಾನ್ಸರಿನ ಮೇಲೆ ಬಿಡುವುದು) ಈಗ ಮಾರುತ್ತಿರುವುದು ಕಂಪನಿಯೇ. ವಿದೇಶಕ್ಕಿಂತ ತುಂಬಾ ಅಗ್ಗ, ಆದರೂ ಲಕ್ಷಗಳ ಲೆಕ್ಕ. ನಿಮ್ಮವರ ಅನುಮಾನ ಪೂರ್ತಿ ಸುಳ್ಳಲ್ಲ.

ಅಂದಹಾಗೆ, 1941ರಲ್ಲಿ ಈ ಆಸ್ಪತ್ರೆ ಎದ್ದದ್ದೇ ದೊರಾಬ್ಜಿ ಟಾಟಾ ಟ್ರಸ್ಟಿನ ದಾನದಿಂದ. ಅವರ ಪತ್ನಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು.

ನನ್ನನ್ನು ಕೇಳಿದರೆ ಮುಕ್ಕಾಲು ಪಾಲು ರೋಗಿಗಳಿಗೆ, ಕಾಲು ಪಾಲು ಸಂಶೋಧನೆಗೆ. ಚೆಕ್ ಬೇರೆ ಬೇರೆ ಬರೆಯಿರಿ, ಸುಮ್ನೆ "ದೇಣಿಗೆ" ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಯಾವುದಕ್ಕೆ ಎಂದು ಪತ್ರದಲ್ಲಿ ಸ್ಪಷ್ಟವಾಗಿರಲಿ. ಹಾಗೆ ಬಳಸಲು ಆಗುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ. ಜಗಳ ಆಡಿದವರಲ್ಲಿ ಒಬ್ಬರನ್ನು ಜತೆಗೆ ಕರೆದುಕೊಂಡೇ ಹೋಗಿ.