ವಾರದ ಪ್ರವಾಸಕ್ಕೆ ದುಬೈಗೆ ಹೊರಟೀನಿ, ತಂಗಿ ಮದುವೆಗೆ ಒಡವೆ ಅಲ್ಲೇ ತಗೊಂಡರೆ ಉಳಿತಾಯ. ಆ ಒಡವೆಯ ವ್ಯಾಟ್ (ಸಾಮಾನಿನ ಬೆಲೆ ಮೇಲೆ ಅಲ್ಲಿ ಹಾಕೋ ತೆರಿಗೆ), ಕಲಬುರಗಿಗೆ ಬಂದ ಮೇಲೆ ಅರ್ಜಿ ಹಾಕಿದರೆ ವಾಪಸ್ ಸಿಗುತ್ತಾ?

ಸಿಗಂಗಿಲ್ಲರಿ. ದುಬೈಗೆ ಹೊರಡೋ ಮುಂಚೆ ನಾನೂ ಇದನ್ನೇ ಕಂಡಕಂಡವರಿಗೆಲ್ಲ ಕೇಳಿದ್ದೆ, ಅದಕ್ಕೇ ನೇರ ಹೇಳ್ತೀನಿ. ವ್ಯಾಟ್ ವಾಪಸ್ ಬೇಕಂದ್ರೆ ಕೆಲಸ ಎಲ್ಲಾ ಅಲ್ಲೇ, ವಿಮಾನ ಹತ್ತೋದರೊಳಗೆ ಮುಗೀಬೇಕು. ಮನೆಗೆ ಬಂದು ಬಿಲ್ ಕಳಿಸಿದರೆ ಯಾರೂ ಕೊಡಂಗಿಲ್ಲ.

ಬಿಲ್ ಮಾಡಿಸುವಾಗಲೇ ಟ್ಯಾಕ್ಸ್ ಫ್ರೀ ಬೇಕು ಅಂತ ಹೇಳಿ ಪಾಸ್‌ಪೋರ್ಟ್ ತೋರಿಸ್ರಿ. ಪ್ರವಾಸಿಗರಿಗೆ ವ್ಯಾಟ್ ವಾಪಸ್ ಕೊಡೋ ಯೋಜನೆಗೆ ಸೇರಿದ ಅಂಗಡಿ ಆಗಿರಬೇಕು, ಬಿಲ್ ಕನಿಷ್ಠ 250 ದಿರ್ಹಾಮ್ ಇರಬೇಕು. ಅಲ್ಲೇ ಕೆಲಸಕ್ಕಿರೋ ಅಳಿಯನೋ ಭಾವನೋ ತನ್ನ ಎಮಿರೇಟ್ಸ್ ಐಡಿ (ಅಲ್ಲಿನ ನಿವಾಸಿಗಳ ಗುರುತಿನ ಚೀಟಿ) ಮೇಲೆ ಬಿಲ್ ಮಾಡಿಸಿದರೆ ಹೋಯ್ತು. ಅಲ್ಲಿನ ನಿವಾಸಿಗಳಿಗೆ ಇದು ಇಲ್ಲ. ಹೋಟೆಲ್ ರೂಮು, ಊಟದ ಬಿಲ್ಲಿಗೂ ಇಲ್ಲ. ಕೊಂಡ 90 ದಿನದೊಳಗೆ ಸಾಮಾನು ನಿಮ್ಮ ಜತೆಗೇ ದೇಶ ಬಿಡಬೇಕು.

ನಮ್ಮ ಮಂದಿ ದುಡ್ಡು ಕಳಕೊಳ್ಳೋದು ವಿಮಾನ ನಿಲ್ದಾಣದೊಳಗೆ. ಒಳಗೆ ಹೋದ ಕೂಡಲೇ ಚೆಕ್‌ಇನ್ ಸಾಲಿಗೆ ನಿಲ್ತಾರೆ. ಪೆಟ್ಟಿಗೆ ತೂಕಕ್ಕೆ ಇಟ್ಟರು, ಹಿಡಿಕೆಗೆ ಬಾರ್‌ಕೋಡ್ ಪಟ್ಟಿ ಸುತ್ತಿದರು, ಬೆಲ್ಟಿನ ಮೇಲೆ ಅದು ಒಳಗೆ ಹೋಯ್ತು. ಆಮೇಲೆ ರೀಫಂಡ್ ಕೌಂಟರಿಗೆ ಬಂದರೆ ಸಾಮಾನು ತೋರಿಸ್ರಿ ಅಂತಾರೆ. ಎಲ್ಲಿಂದ ತೋರಿಸ್ತೀರಿ? ಸಾಮಾನು ನಿಜವಾಗಲೂ ದೇಶ ಬಿಡುತ್ತದಾ ಅಂತ ಕಣ್ಣಾರೆ ನೋಡೋದೇ ಅವರ ಕೆಲಸ. ಎಲ್ಲರದ್ದೂ ಬಿಚ್ಚಿ ನೋಡಂಗಿಲ್ಲ, ಆದರೆ ಯಾರದ್ದು ಕೇಳ್ತಾರೋ ಮೊದಲೇ ಗೊತ್ತಾಗಂಗಿಲ್ಲ. ಒಳಗೆ ಹೋದ ಪೆಟ್ಟಿಗೆಯನ್ನು ನಿಮಗೋಸ್ಕರ ಹೊರಗೆ ತರಿಸಂಗಿಲ್ಲ. ಅದಕ್ಕೇ ಮೊದಲು ವ್ಯಾಟ್ ವಾಪಸ್ ಕೊಡೋ ಪ್ಲಾನೆಟ್ ಕಂಪನಿಯ ಕೌಂಟರ್, ಆಮೇಲೆ ಚೆಕ್‌ಇನ್. ಒಡವೆ, ಫೋನು ಕೈಚೀಲದಲ್ಲಿ. ಬಿಲ್ಲಿನಲ್ಲಿರೋ ಬಟ್ಟೆಬರೆ ಪೆಟ್ಟಿಗೆಯ ಮೇಲುಗಡೆ. ವಿಮಾನಕ್ಕೆ ಮಾಮೂಲಿಗಿಂತ ಒಂದು ತಾಸು ಮೊದಲೇ ಹೋಗ್ರಿ.

ಕಟ್ಟಿದ್ದು ಪೂರಾನೂ ಬರಂಗಿಲ್ಲ. 4,000 ದಿರ್ಹಾಮ್ ಸಾಮಾನಿಗೆ 5 ಪರ್ಸೆಂಟ್ ಅಂದರೆ ವ್ಯಾಟ್ 200. ಅದರಲ್ಲಿ 87 ಪರ್ಸೆಂಟ್ 174, ಬಿಲ್ಲಿಗೆ 4.80 ಶುಲ್ಕ ಮುರಿದು ಕೈಗೆ 169.20. ಶುಲ್ಕ ಒಂದೊಂದು ಬಿಲ್ಲಿಗೂ ಇರೋದರಿಂದ ಒಂದೇ ಅಂಗಡಿಯ ಸಾಮಾನು ಒಂದೇ ಬಿಲ್ಲಿಗೆ ಹಾಕಿಸ್ರಿ. ನಗದು ತಗೊಂಡರೆ ದಿರ್ಹಾಮ್ ರೂಪಾಯಿ ಮಾಡಿಸುವಾಗ ಮತ್ತೆ ಕಡಿತ. ನಾನಾದರೆ ಕಾರ್ಡಿಗೇ ಹಾಕಿಸ್ತೀನಿ.

ಇನ್ನು ತಂಗಿ ಮದುವೆಗೆ ಒಡವೆ ಅಲ್ಲೇ ತಗೊಂಡರೆ ಉಳಿತಾಯ ಅಂದೀರಲ್ಲ, ಆ ಲೆಕ್ಕವನ್ನೇ ನಾನು ಒಪ್ಪಂಗಿಲ್ಲ. ದುಬೈ ವ್ಯಾಟ್ ವಾಪಸ್ ಕೊಟ್ಟಿತು ಅಂತ ನೀವು ಇಳಿಯೋ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದ ಕಸ್ಟಮ್ಸ್ ಸುಂಕ ಬಿಡಂಗಿಲ್ಲ, ಎರಡೂ ಬ್ಯಾರೆ ಬ್ಯಾರೆ. ಗಂಡಸರಿಗೆ 20 ಗ್ರಾಂ, ಹೆಣ್ಣುಮಕ್ಕಳಿಗೆ 40 ಗ್ರಾಂ ಒಡವೆ ಸುಂಕ ಇಲ್ಲದೆ ತರೋ ಸವಲತ್ತು ಒಂದು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿದ್ದು ಬಂದವರಿಗೆ. ವಾರದ ಪ್ರವಾಸಕ್ಕೆ ಹೋಗೋ ನಿಮಗೆ ಅದು ಇಲ್ಲ. ಒಡವೆ ಇಲ್ಲೇ ಸರಾಫ್ ಬಜಾರಿನಲ್ಲಿ ಮಾಡಿಸ್ರಿ. ಅಲ್ಲಿ ಫೋನು, ಕೈಗಡಿಯಾರ ತಗೋಬೇಕಿದ್ದರೆ ಮಾತ್ರ ವ್ಯಾಟ್ ವಿಚಾರ ಮಾಡ್ರಿ. ಏನೇ ತಂದರೂ ಅಸಲು ಬಿಲ್ ಕೈಯಲ್ಲಿರಲಿ, ಹೈದರಾಬಾದಿನಲ್ಲಿ ಇಳಿದಾಗ ಬೆಲೆ ಕೇಳಿದರೆ ಅದನ್ನೇ ತೋರಿಸಬೇಕು.