ಕಡಲಂಚಿನ ಮಾಯಾ ಊರು

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಈ ಸಲ ನಮ್ಮನ್ನು ಮೆಕ್ಸಿಕೊದ ಕಾನ್‌ಕುನ್ ಕಡಲತೀರಕ್ಕೆ ನಾಲ್ಕು ದಿನ ಕರೆದುಕೊಂಡು ಹೋಗುತ್ತಾಳಂತೆ. ಅಲ್ಲಿ ಮಾಯಾ ಎಂಬ ಮೂಲನಿವಾಸಿ ಜನರ ಹಳೆಯ ಊರುಗಳಿವೆ ಎಂದು ಕೇಳಿದ್ದೇನೆ. ಯಜಮಾನರಿಗೆ ಮಂಡಿ ನೋವು. ಒಂದನ್ನಾದರೂ ನೋಡಬಹುದೇ? ಆ ಜನ ಪೂರ್ತಿ ಅಳಿದುಹೋದರು ಎನ್ನುತ್ತಾರಲ್ಲ, ನಿಜವೇ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ನೋಡಿ. ಒಂದೇ ಸಾಕು ಎನ್ನುವುದಾದರೆ ತುಲುಮ್‌ಗೆ ಹೋಗಿ. ಕಾನ್‌ಕುನ್‌ನಿಂದ ದಕ್ಷಿಣಕ್ಕೆ ಸುಮಾರು 130 ಕಿಲೋಮೀಟರ್. ಚಿಚೆನ್ ಇಟ್ಜಾ ಎಂಬ ಇನ್ನೊಂದು ಮಾಯಾ ಊರು ಹೆಚ್ಚು ಹೆಸರುವಾಸಿ, ಆದರೆ ಅದು ಒಳನಾಡಿನಲ್ಲಿದೆ. ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ.

ತುಲುಮ್‌ನಲ್ಲಿ ಕಟ್ಟಡಗಳನ್ನು ಹತ್ತಲು ಯಾರನ್ನೂ ಬಿಡುವುದಿಲ್ಲ. ಹಾಗಾಗಿ ಯಜಮಾನರು ಕೊರಗಬೇಕಾಗಿಲ್ಲ. ಕಷ್ಟ ಕೊಡುವುದು ಬಿಸಿಲು. ನೆರಳು ತೀರಾ ಕಡಿಮೆ. ನಾನು ನಮ್ಮ ಅತ್ತೆಯವರನ್ನು ಹನ್ನೊಂದು ಗಂಟೆಗೆ ಕರೆದುಕೊಂಡು ಹೋಗಿ ತಪ್ಪು ಮಾಡಿದೆ. ಅರ್ಧ ದಾರಿಯಲ್ಲೇ ಅವರಿಗೆ ತಲೆಸುತ್ತು ಬಂತು. ಮರುದಿನ ಬೆಳಿಗ್ಗೆ ಎಂಟಕ್ಕೇ ಮತ್ತೆ ಹೋದೆವು. ಆಗ ಅಲ್ಲಿ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಇಗುವಾನಾಗಳೇ ಜಾಸ್ತಿ. ನಮ್ಮ ಉಡದಂತೆಯೇ ಕಾಣುತ್ತವೆ.

ಎಲ್ಲರೂ ನೇರವಾಗಿ ಸಮುದ್ರದ ಕಡೆ ಓಡಿ, ಫೋಟೊ ತೆಗೆದು ವಾಪಸ್ ಬರುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲು ಗೋಡೆ ನೋಡಿ. ತುಲುಮ್ ಎಂದರೆ ಮಾಯಾ ಭಾಷೆಯಲ್ಲಿ ಗೋಡೆ ಎಂದೇ ಅರ್ಥ. ಮೂರು ಕಡೆ ಕಲ್ಲಿನ ಗೋಡೆ, ಅದಕ್ಕೆ ಐದು ಕಿರಿದಾದ ಬಾಗಿಲು. ನಾಲ್ಕನೇ ಕಡೆ ಸುಮಾರು 12 ಮೀಟರ್ ಎತ್ತರದ ಕಡಿದಾದ ಬಂಡೆ, ಅದರ ಕೆಳಗೆ ಕೆರಿಬಿಯನ್ ಸಮುದ್ರ. ಜೇನು, ಉಪ್ಪು, ಹತ್ತಿ ತುಂಬಿದ ದೋಣಿಗಳು ಇಲ್ಲಿಗೆ ಬರುತ್ತಿದ್ದವು. 13ರಿಂದ 15ನೇ ಶತಮಾನದವರೆಗೆ ಊರು ತುಂಬಿ ತುಳುಕುತ್ತಿತ್ತು.

ಆಮೇಲೆ ಬಾಗಿಲುಗಳ ಮೇಲಿನ ಗಾರೆಯ ದೇವರನ್ನು ಹುಡುಕಿ. ತಲೆ ಕೆಳಗೆ, ಕಾಲು ಮೇಲೆ, ಆಕಾಶದಿಂದ ಇಳಿಯುತ್ತಿದ್ದಾನೆ. ಜೇನಿನ ದೇವರು ಎನ್ನುವವರಿದ್ದಾರೆ, ಮುಳುಗುವ ಸೂರ್ಯ ಎನ್ನುವವರೂ ಇದ್ದಾರೆ. ನಮ್ಮ ಅತ್ತೆ ಸುಮ್ನೆ ನೋಡುತ್ತಾ ನಿಂತಿದ್ದವರು, 'ಮಗು ಹುಟ್ಟುವಾಗ ಹೀಗೇ ಬರುತ್ತೆ ಅಲ್ವಾ' ಎಂದರು. ನನಗೆ ಈಗಲೂ ಆ ಮಾತೇ ನೆನಪಾಗುತ್ತದೆ.

ಮಾಯಾ ಜನ ಅಳಿದಿಲ್ಲ. 1518ರಲ್ಲಿ ಸ್ಪೇನಿನವರ ಹಡಗು ಈ ತೀರದಲ್ಲಿ ಹಾದುಹೋದಾಗಲೂ ಇಲ್ಲಿ ಜನರಿದ್ದರು. ಆಮೇಲೆ ಹೊರಗಿನಿಂದ ಬಂದ ರೋಗಗಳು ಬಹಳ ಮಂದಿಯನ್ನು ಕೊಂದವು, ಊರು ಖಾಲಿಯಾಯಿತು. ಆದರೆ ಮೆಕ್ಸಿಕೊದಲ್ಲಿ ಇಂದಿಗೂ 7 ಲಕ್ಷಕ್ಕಿಂತ ಹೆಚ್ಚು ಜನ ಯುಕಾಟಾನಿನ, ಅಂದರೆ ಈ ಭಾಗದ, ಮಾಯಾ ಭಾಷೆ ಆಡುತ್ತಾರೆ. ನಮಗೆ ಊರು ತೋರಿಸಿದ ಹುಡುಗನ ಮನೆಮಾತೂ ಅದೇ. ಹೇಗಿದ್ದೀರಿ ಎನ್ನಲು ಅವರು 'ಬಿಷ್ ಅ ಬೇಲ್' ಎನ್ನುತ್ತಾರೆ. ನಿಮ್ಮ ದಾರಿ ಹೇಗಿದೆ ಎಂಬುದು ಅದರ ಅರ್ಥ. ಕಲಿತುಕೊಂಡು ಹೋಗಿ. ಅತ್ತೆ ಹಾಗೆ ಕೇಳಿದಾಗ ಆ ಹುಡುಗನ ಮುಖ ಅರಳಿತು. ಮತ್ತೆ ಅರ್ಧ ಗಂಟೆ ನಮ್ಮ ಜೊತೆಯಲ್ಲೇ ಇದ್ದ.